ಎರಡನೇ ಕಿಟಕಿ

ಫೋನೆತ್ತಿದರೆ ಮೊದಲು ಉಸಿರು. ಆಮೇಲೆ,
'ನನ್ನ ಸ್ನೇಹಿತೆಯೊಬ್ಬಳಿಗಾಗಿ ಕೇಳುತ್ತಿದ್ದೇನೆ.'
ಮಿಸ್ಸೌರಿಯ ಈ ಪುಟ್ಟ ಕೌಂಟಿಯ ಕೋರ್ಟಿನಲ್ಲಿ
ಹತ್ತೊಂಬತ್ತು ವರ್ಷ ಗಾಜಿನ ಹಿಂದೆ ಕೂತಿದ್ದೇನೆ,
ತನಗಾಗಿ ಕೇಳಿದವರು ಒಬ್ಬರೂ ಇಲ್ಲ.
ಇಷ್ಟು ಸ್ನೇಹ ಇರುವ ಊರು ಲೋಕದಲ್ಲೇ ಇನ್ನೊಂದಿರಲಿಕ್ಕಿಲ್ಲ.

ಸಲಹೆ ಕೊಡುವ ಹಾಗಿಲ್ಲ ನಾನು.
ಗಾಜಿನ ಮೇಲೆ ಹಾಗೆಂದು ಚೀಟಿ ಅಂಟಿಸಿದೆ,
ಬಿಟ್ಟುಕೊಂಡ ಮೂಲೆಯನ್ನು ದಿನಾ ಹೆಬ್ಬೆರಳಲ್ಲಿ ಒತ್ತುತ್ತೇನೆ.
ಇದ್ದದ್ದನ್ನು ಇದ್ದ ಹಾಗೆ ಹೇಳಬಹುದು, ಅಷ್ಟೆ:
ಹೆಸರು, ಹುಟ್ಟಿದ ತಾರೀಖು ಕೊಡಿ, ಹುಡುಕುತ್ತೇನೆ.
ಲೈಬ್ರರಿಯ ಕಂಪ್ಯೂಟರಿನಲ್ಲೂ ಸಿಗುತ್ತದೆ, ಪುಕ್ಕಟೆ.
ಹೆಸರನ್ನು ಎರಡು ಮೂರು ಥರ ಬರೆದು ನೋಡಿ,
ಟಿಕೆಟ್ ಬರೆದ ಪೊಲೀಸನ ಕಾಗುಣಿತ ದೇವರಿಗೇ ಪ್ರೀತಿ.
ಪಕ್ಕದ ಕೌಂಟಿಯದನ್ನು ಪಕ್ಕದಲ್ಲೇ ಕೇಳಬೇಕು.

ಮೂರು ವರ್ಷ, ಏಪ್ರಿಲಿನಲ್ಲೇ, ಒಬ್ಬಳು ಕರೆ ಮಾಡಿದಳು.
ಹಿಂದೆ ದೊಡ್ಡ ಬಟ್ಟೆ ಒಗೆಯುವ ಮೆಷಿನ್ನುಗಳ ಸದ್ದು.
ಹುಟ್ಟಿದ ತಾರೀಖು ಎಂದೊಡನೆ ಇಟ್ಟುಬಿಡುತ್ತಿದ್ದಳು.
ನಾಲ್ಕನೇ ಏಪ್ರಿಲಿನಲ್ಲಿ ತಿಂಗಳು ಹೇಳಿದಳು, ದಿನ ಹೇಳಿದಳು,
ಮೆಷಿನ್ನೊಂದು ನಿಂತಿತು,
ವರ್ಷವನ್ನೂ ಹೇಳಿದಳು.
ವರ್ನೀಸ್ ಟ್ಯಾಕೆಟ್.
ತೆರೆಯ ಮೇಲೆ ಅವಳ ಕೊನೆಯ ಅಕ್ಷರವೊಂದು ಬಿದ್ದುಹೋಗಿತ್ತು.
ಹಿಂದಿನ ದೀಪ ಉರಿಯದ ಕಾರು. ಕೂಗಿದ ದಿನ ಹಾಜರಿಲ್ಲ.
ನ್ಯಾಯಾಧೀಶರು ಕೂತಲ್ಲೇ ಹೊರಡಿಸಿದ ವಾರಂಟು, ಆರು ವರ್ಷದ್ದು.

'ಹಳೆಯದಾಗಿ ತಾನೇ ಸತ್ತುಹೋಗುವುದಿಲ್ಲವಾ ಅದು?'
ಇಲ್ಲ. ವಯಸ್ಸಾಗುವುದು ನಮಗೆ.
ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು.
ಈ ದೊಣ್ಣೆ ಬೀಸುವುದೇ ಇಲ್ಲ,
ಎತ್ತಿ ಹಿಡಿದಿರುತ್ತದೆ.
ಅದರ ಕೆಳಗೆ ಅವಳು ಹೆದ್ದಾರಿ ಬಿಟ್ಟು ಜಲ್ಲಿರಸ್ತೆ ಹಿಡಿದಳು,
ಪರ್ಸಿನಲ್ಲೇ ಲೈಸೆನ್ಸು ಹಳಸಿತು,
ಮನೆಗೆ ಕಳ್ಳ ನುಗ್ಗಿದ ರಾತ್ರಿಯೂ ಪೊಲೀಸರಿಗೆ ಫೋನು ಮಾಡದೆ
ಒಡೆದ ಗಾಜನ್ನು ತಾನೇ ಗುಡಿಸಿದಳು.
ನಾನೇನೂ ಕೇಳಿರಲಿಲ್ಲ. ಮೆಷಿನ್ನು ನಿಂತಿತ್ತಲ್ಲ, ಹೇಳಿದಳು.

ಬುಧವಾರ ಎಂಟೂವರೆಗೆ, ತಾವಾಗಿ ಬಂದವರ ಸಾಲು, ಎಂದೆ.
ದುಡ್ಡಿಲ್ಲದವರ ಪರ ನಿಲ್ಲುವ ವಕೀಲರ ಕೋಣೆ ಮೇಲಿನ ಮಹಡಿ.
ವಾರಂಟು ಹಿಂದಕ್ಕೆ ಪಡೆಯಿರೆಂಬ ಅರ್ಜಿ ಒಂದೇ ಹಾಳೆ.
'ಹಿಡಿದು ಒಳಗೆ ಹಾಕುತ್ತಾರಾ?'
ಅಲ್ಲಿಗೆ ನನ್ನ ಬಾಯಿ ನಿಲ್ಲಬೇಕು. ನಿಂತಿತು.
ಆಮೇಲೆ: ತಾವಾಗಿ ಬಂದವರನ್ನು ನೋಡುವ ಕಣ್ಣೇ ಬೇರೆ,
ಸಾಮಾನ್ಯವಾಗಿ.
ಆ 'ಸಾಮಾನ್ಯವಾಗಿ' ಎರಡು ರಾತ್ರಿ ನನ್ನ ನಿದ್ದೆ ತಿಂದಿತು.

ಬಂದಳು. ಬೆನ್ನಿಗೆ ಮಗನ ಶಾಲೆಯ ಚೀಲ, ಹಸಿರು ಡೈನೋಸಾರಿನದು,
ಒಳಗೆ ಹಲ್ಲುಜ್ಜುವ ಬ್ರಷ್ಷು, ಬಿಪಿ ಮಾತ್ರೆ, ಮೂರು ಜೊತೆ ಕಾಲುಚೀಲ.
ಮುಂಗೈಯಲ್ಲಿ ಪೆನ್ನಿನಿಂದ ಬರೆದ ತಂಗಿಯ ನಂಬರು.

ಒಂದೂವರೆ ನಿಮಿಷ ಹಿಡಿಯಿತು.
ವಾರಂಟು ರದ್ದು. ದಂಡ, ತಿಂಗಳಿಗೆ ಇಪ್ಪತ್ತು ಡಾಲರಿನ ಹಾಗೆ.

ನನ್ನ ಕಿಟಕಿಗೆ ಬಂದು ಮೊದಲ ಕಂತು ಕಟ್ಟಿದಳು.
ಸೀಲು ಹೊಡೆದ ಪ್ರತಿಯನ್ನು ಗಾಜಿನ ಕೆಳಗೆ ತಳ್ಳಿದೆ:
ಕಾರಿನಲ್ಲೇ ಇರಲಿ, ಎಲ್ಲ ಠಾಣೆಗೂ ಸುದ್ದಿ ಒಟ್ಟಿಗೆ ತಲುಪುವುದಿಲ್ಲ.
ಅದು ಸಲಹೆಯೇ. ಆಗಲಿ.
ಅವಳು ಹೋಗಲಿಲ್ಲ. ಪರ್ಸಿನಿಂದ ಚೀಟಿಯೊಂದನ್ನು ತೆಗೆದು
ನನ್ನತ್ತ ತಳ್ಳಿದಳು. 'ಬಲ್ಬಿನ ರಸೀದಿ.
ನಾಲ್ಕು ಡಾಲರ್ ಹದಿನೇಳು ಸೆಂಟು.
ಟಿಕೆಟ್ಟಾದ ಸಂಜೆಯೇ ಕೊಂಡು ಹಾಕಿದೆ.
ಒಳಗೆ ಯಾರೂ ಕೇಳಲಿಲ್ಲ.'

ಆರು ವರ್ಷದಲ್ಲಿ ಅಕ್ಷರವೆಲ್ಲ ಮಾಸಿ
ಬರೀ ಬಿಳಿ ಕಾಗದ.
ಕನ್ನಡಕ ಹಾಕಿಕೊಂಡೆ. ಮೇಲಿನಿಂದ ಕೆಳಗಿನವರೆಗೆ ಓದಿದೆ.
ಸರಿಯಾಗಿದೆ, ಎಂದು ವಾಪಸು ಕೊಟ್ಟೆ.